ಅಸೈಲಮ್ ಹೋಟೆಲಿಗೆ ನಮ್ಮ ಕೌನ್ಸಿಲ್ ಎಷ್ಟು ಖರ್ಚು ಮಾಡಿದೆ ಅಂತ ಎಫ್‌ಒಐ (ಇಲ್ಲಿಯ ಮಾಹಿತಿ ಹಕ್ಕಿನ ಅರ್ಜಿ) ಹಾಕಿದೆ. 'ಮಾಹಿತಿ ನಮ್ಮಲ್ಲಿಲ್ಲ' ಅಂತ ಬಂತು. ಮುಂದೇನು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನಿರುವುದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ, ಒಂದು ಸಣ್ಣ ಊರಿನಲ್ಲಿ. ನಮ್ಮ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಯಾವುದು ಅಂತ ಹೇಳುವುದಿಲ್ಲ. ಹೋದ ತಿಂಗಳು ಮಗಳ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು. ನಮ್ಮೂರ ಲೈಬ್ರರಿ ಈಗ ವಾರಕ್ಕೆ ಮೂರೇ ದಿನ ತೆರೆದಿರುತ್ತದೆ. ಯಾಕೆಂದರೆ ಕೌನ್ಸಿಲ್ ದುಡ್ಡೆಲ್ಲ ಬೈಪಾಸ್ ಪಕ್ಕದ ಹೋಟೆಲಿನಲ್ಲಿ ಇಟ್ಟಿರುವ ಅಸೈಲಮ್ ಸೀಕರ್‌ಗಳಿಗೆ (ಆಶ್ರಯ ಕೋರಿ ಬಂದವರಿಗೆ) ಹೋಗುತ್ತಿದೆ ಅಂತ. ಕೆಳಗೆ ಒಂದು ದೊಡ್ಡ ಅಂಕಿ. ಅದು ಎಲ್ಲಿಂದ ಬಂತು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ.

ಕೆಲವರು ಸಿಟ್ಟು ಮಾಡಿಕೊಂಡರು, ಉಳಿದವರು ಸುಮ್ಮನಾದರು. ನಾನೂ ಸುಮ್ಮನಾದೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. 2024ರ ಆಗಸ್ಟ್ 4ರಂದು ರಾದರ್‌ಹ್ಯಾಮ್ ಹತ್ತಿರ ಒಳಗೆ ಜನ ಇದ್ದ ಹಾಗೇ ಅಸೈಲಮ್ ಸೀಕರ್‌ಗಳ ಹೋಟೆಲಿಗೆ ಬೆಂಕಿ ಹಚ್ಚಲು ಹೋಗಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಆ ವಾರ ಪೂರ್ತಿ ನಾನು ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗಲಿಲ್ಲ. ಮೈಬಣ್ಣ ನೋಡಿ ಸಿಟ್ಟಾಗುವವರಿಗೆ ನಾನು ಯಾವ ವೀಸಾದಲ್ಲಿ ಬಂದೆ ಅನ್ನೋದು ಕಾಣುವುದಿಲ್ಲವಲ್ಲ.

ನನ್ನ ತಂದೆ ಊರಲ್ಲಿ ಗ್ರಾಮ ಪಂಚಾಯ್ತಿಗೆ ಆರ್‌ಟಿಐ ಹಾಕುತ್ತಿದ್ದವರು. ಚರಂಡಿ ಬಿಲ್ಲು, ಬೀದಿದೀಪದ ಬಿಲ್ಲು ಎಲ್ಲ ತೆಗೆಸಿದ್ದರು. ಗಾಳಿಮಾತಿಗೆ ಕಾಗದದಿಂದಲೇ ಉತ್ತರ ಕೊಡಬೇಕು ಅಂತ ಅವರಿಂದ ಕಲಿತದ್ದು. ಹಾಗಾಗಿ ಕೌನ್ಸಿಲ್‌ಗೆ ಒಂದು ಎಫ್‌ಒಐ ಹಾಕಿದೆ. ಕಳೆದ ಮೂರು ವರ್ಷದಲ್ಲಿ ಅಸೈಲಮ್ ಸೀಕರ್‌ಗಳ ಹೋಟೆಲಿಗೆ ನೀವು ಎಷ್ಟು ಖರ್ಚು ಮಾಡಿದ್ದೀರಿ? ಇಷ್ಟೇ ಪ್ರಶ್ನೆ. ಸರಿಯಾಗಿ 20ನೇ ದಿನ ಉತ್ತರ ಬಂತು: ಈ ಮಾಹಿತಿ ನಮ್ಮಲ್ಲಿಲ್ಲ, ಹೋಮ್ ಆಫೀಸನ್ನು (ಕೇಂದ್ರದ ಗೃಹ ಇಲಾಖೆ) ಕೇಳಿ.

ಅದನ್ನು ಹಾಗೇ ಗುಂಪಿನಲ್ಲಿ ಹಾಕಿದೆ. ಒಬ್ಬರು ತಕ್ಷಣ "ನೋಡಿದ್ರಾ, ಮುಚ್ಚಿಡ್ತಿದ್ದಾರೆ" ಅಂದರು. ಗೊಂದಲ ತಗ್ಗಿಸಲು ಹೋಗಿ ಇನ್ನೂ ಜಾಸ್ತಿ ಮಾಡಿದೆನೇನೋ ಅನಿಸಿತು. ಇಲ್ಲಿ ತಿಳಿದವರು ಇದ್ದೀರಿ. ನಾನು ಎಲ್ಲಿ ತಪ್ಪಿದೆ?

ಲೆಕ್ಕದ_ಮೇಷ್ಟ್ರು:

ತುಂಗಾತೀರ ಅವರೇ, ಅವರು ಮುಚ್ಚಿಟ್ಟಿಲ್ಲ. ನೀವು ಕೇಳಿದ ಖರ್ಚು ನಿಜವಾಗಿಯೂ ಅವರ ಪುಸ್ತಕದಲ್ಲಿ ಇರುವುದಿಲ್ಲ. ನಾನು ಒಂದು ಕೌನ್ಸಿಲ್‌ನ ಲೆಕ್ಕ ವಿಭಾಗದಲ್ಲಿ 11 ವರ್ಷ ಕೆಲಸ ಮಾಡಿದ್ದೇನೆ. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ, ಇದೇ ಉತ್ತರವನ್ನು ಅಷ್ಟು ಸಲ ಕಳಿಸಿದ್ದೇವೆ.

ಆಶ್ರಯ ಕೋರಿ ಬಂದ, ಕೈಯಲ್ಲಿ ಕಾಸಿಲ್ಲದ ದೊಡ್ಡವರಿಗೂ ಕುಟುಂಬಗಳಿಗೂ ಮನೆ ಕೊಡುವ ಹೊಣೆ 1999ರ ವಲಸೆ ಮತ್ತು ಆಶ್ರಯ ಕಾಯ್ದೆಯ ಪ್ರಕಾರ ಹೋಮ್ ಆಫೀಸಿನದು. ಅದು ನೇರವಾಗಿ ಮೂರು ಕಂಪನಿಗಳಿಗೆ ಗುತ್ತಿಗೆ ಕೊಟ್ಟಿದೆ: ಸರ್ಕೊ, ಮಿಯರ್ಸ್, ಕ್ಲಿಯರ್‌ಸ್ಪ್ರಿಂಗ್ಸ್. 2019ರಲ್ಲಿ ಶುರುವಾದ 10 ವರ್ಷದ ಗುತ್ತಿಗೆ. ನಿಮ್ಮ ಕಡೆ ಸರ್ಕೊ. ಹೋಟೆಲಿನ ಜೊತೆ ಮಾತಾಡುವವರು, ಬಿಲ್ಲು ಕೊಡುವವರು ಎಲ್ಲ ಅವರೇ. ನಡುವೆ ಕೌನ್ಸಿಲ್ ಇಲ್ಲವೇ ಇಲ್ಲ. ಎಷ್ಟೋ ಕಡೆ ಹೋಟೆಲ್ ಬೇಡ ಅಂತ ಕೌನ್ಸಿಲೇ ತಕರಾರು ಮಾಡಿದೆ.

ಖರ್ಚು ಸಣ್ಣದು ಅಂತ ನಾನು ಹೇಳುತ್ತಿಲ್ಲ. ನಮ್ಮ ಸಿಎಜಿ ಇದ್ದ ಹಾಗೆ ಇಲ್ಲಿ ನ್ಯಾಷನಲ್ ಆಡಿಟ್ ಆಫೀಸ್ ಇದೆ. ಅದು 2025ರ ಮೇ ತಿಂಗಳಲ್ಲಿ ಹೇಳಿದ ಪ್ರಕಾರ, 10 ವರ್ಷಕ್ಕೆ 450 ಕೋಟಿ ಪೌಂಡ್ ಅಂದುಕೊಂಡಿದ್ದ ಗುತ್ತಿಗೆ 1,530 ಕೋಟಿ ಪೌಂಡ್ ಮುಟ್ಟಲಿದೆ. ಆಗ ಹೋಟೆಲಿನಲ್ಲಿದ್ದವರು ಒಟ್ಟು ಜನರಲ್ಲಿ ಶೇ 35ರಷ್ಟು, ಆದರೆ ಖರ್ಚಿನಲ್ಲಿ ಅವರ ಪಾಲು ಶೇ 76 ಇತ್ತು. ಇದಕ್ಕೆ ಯಾರು ಸಿಟ್ಟಾದರೂ ನ್ಯಾಯವೇ. ಆದರೆ ಅದು ನಿಮ್ಮ ಕೌನ್ಸಿಲ್ ಟ್ಯಾಕ್ಸಿನಿಂದ ಹೋಗುವ ದುಡ್ಡಲ್ಲ. ಬಂದವರ ಮೊದಲ 12 ತಿಂಗಳ ಖರ್ಚಿನ ದೊಡ್ಡ ಭಾಗವನ್ನು ವಿದೇಶಗಳಿಗೆ ಕೊಡುವ ನೆರವಿನ ಬಜೆಟ್ಟಿನಲ್ಲಿ ಬರೆಯುತ್ತಾರೆ. 2023ರಲ್ಲಿ ಬ್ರಿಟನ್ನಿನ ಇಡೀ ವಿದೇಶ ನೆರವಿನಲ್ಲಿ ಶೇ 28ರಷ್ಟು, ಸುಮಾರು 430 ಕೋಟಿ ಪೌಂಡ್, ದೇಶದ ಒಳಗೇ ಹೀಗೆ ಖರ್ಚಾಗಿತ್ತು. ಅಂದರೆ ಕತ್ತರಿ ಬಿದ್ದದ್ದು ನಿಮ್ಮ ಲೈಬ್ರರಿಗಲ್ಲ, ಬೇರೆ ದೇಶದ ಬಡವರ ಆಸ್ಪತ್ರೆ, ಶಾಲೆಗಳಿಗೆ. ಇದನ್ನು ಯಾವ ವಾಟ್ಸಾಪ್ ಮೆಸೇಜೂ ಹೇಳುವುದಿಲ್ಲ.

ಹಾಗಾದರೆ ಕೌನ್ಸಿಲ್ ಏನೂ ಖರ್ಚು ಮಾಡುವುದಿಲ್ಲವಾ? ಮಾಡುತ್ತದೆ. ಅದು ಬೇರೆ ಕಡೆ ಇದೆ. ಒಂದು, ಅಪ್ಪ ಅಮ್ಮ ಇಲ್ಲದೆ ಒಂಟಿಯಾಗಿ ಬಂದ ಮಕ್ಕಳು. 1989ರ ಮಕ್ಕಳ ಕಾಯ್ದೆಯ ಪ್ರಕಾರ ಈ ಮಕ್ಕಳು ಕೌನ್ಸಿಲ್‌ನ ಮಡಿಲಿಗೇ ಬರುತ್ತಾರೆ. ಎರಡು, ಅದೇ ಮಕ್ಕಳು 18 ದಾಟಿದ ಮೇಲೆ. ಅವರ ಕಡೆ ಹೊಣೆ 25ರವರೆಗೂ ಇರುತ್ತದೆ. ಮೂರು, ಅರ್ಜಿ ಒಪ್ಪಿಗೆಯಾಗಿ ಹೋಮ್ ಆಫೀಸಿನ ಮನೆ ಬಿಡಬೇಕಾದವರು. ಮೊದಲು 28 ದಿನ ಕೊಡುತ್ತಿದ್ದರು, 2024ರ ಡಿಸೆಂಬರ್‌ನಲ್ಲಿ ಪ್ರಯೋಗಕ್ಕೆ ಅಂತ 56 ಮಾಡಿದ್ದರು. ಕೊಟ್ಟ ಗಡುವಿನಲ್ಲಿ ಮನೆ ಸಿಗದಿದ್ದರೆ ಅವರು ನಿಲ್ಲುವುದು ಕೌನ್ಸಿಲ್‌ನ ವಸತಿ ವಿಭಾಗದ ಮುಂದೆ. ಇದರ ಜೊತೆಗೆ ಒಬ್ಬಿಬ್ಬರು ಸಂಯೋಜಕರ ಸಂಬಳ, ದುಭಾಷಿಗಳ ಖರ್ಚು.

ಇವುಗಳಿಗೆ ಸರ್ಕಾರದಿಂದ ಅನುದಾನ ಬರುತ್ತದೆ. 2024–25ರಲ್ಲಿ ಒಂಟಿ ಮಗುವಿಗೆ ರಾತ್ರಿಗೆ 114 ಪೌಂಡ್ ಇತ್ತು, ಆ ಊರಿನ ಮಕ್ಕಳ ಸಂಖ್ಯೆಯಲ್ಲಿ ಅಂಥವರು ಶೇ 0.07 ಅಥವಾ ಜಾಸ್ತಿ ಇದ್ದರೆ 143 ಪೌಂಡ್. 18 ದಾಟಿದವರಿಗೆ ವಾರಕ್ಕೆ 270 ಇತ್ತು. ಹಾಗಾಗಿ ನೀವು ಎರಡೂ ಕಡೆ ಕೇಳಬೇಕು, ಹೋದದ್ದು ಎಷ್ಟು, ಬಂದದ್ದು ಎಷ್ಟು. ಬರೀ ಹೋದದ್ದನ್ನು ಕೇಳಿದರೆ ಬರುವ ಅಂಕಿ ನಿಜವೇ, ಆದರೆ ಅರ್ಧ ನಿಜ.

ಹಾಸನದ_ಹುಡುಗ:

ಮೇಷ್ಟ್ರೇ, ವಿವರಕ್ಕೆ ಥ್ಯಾಂಕ್ಸ್. ಆದರೆ ನನಗೆ ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನಾವು ನಾಲ್ಕು ಜನ. ವೀಸಾದವರು ಆರೋಗ್ಯ ಸೇವೆಗೆ ಅಂತ ಕಟ್ಟುವ ಹೆಲ್ತ್ ಸರ್ಚಾರ್ಜ್ 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್. ಅದರ ಮೇಲೆ ವೀಸಾ ಫೀಸು, ಅದರ ಮೇಲೆ ತೆರಿಗೆ, ಅದರ ಮೇಲೆ ಕೌನ್ಸಿಲ್ ಟ್ಯಾಕ್ಸ್. ಸರ್ಕಾರದ ಭತ್ಯೆ ಏನೂ ಇಲ್ಲ ಅಂತ ವೀಸಾದಲ್ಲೇ ಬರೆದಿದೆ. ಕೆಲಸ ಹೋದರೆ 60 ದಿನದಲ್ಲಿ ಗಂಟುಮೂಟೆ ಕಟ್ಟಬೇಕು. ಹೀಗಿರುವಾಗ ಹೋಟೆಲಿನಲ್ಲಿ ಇಟ್ಟು ಊಟ ಹಾಕುತ್ತಿದ್ದಾರೆ ಅಂದರೆ ಹೊಟ್ಟೆ ಉರಿಯುವುದು ಸಹಜ ಅಲ್ವಾ? ನನ್ನ ಕೌನ್ಸಿಲ್ ಟ್ಯಾಕ್ಸ್ ಪ್ರತಿ ಏಪ್ರಿಲ್‌ನಲ್ಲೂ ಏರುತ್ತಿದೆ. ದುಡ್ಡು ಎಲ್ಲಿ ಹೋಗುತ್ತಿದೆ ಅಂತ ಕೇಳುವ ಹಕ್ಕು ನನಗೂ ಇದೆ.

ಕೆಂಟ್_ಕನ್ನಡತಿ:

ಹಾಸನದ ತಮ್ಮಾ, ನಿನ್ನ ಸಂಕಟ ನನಗೆ ಗೊತ್ತು. ನಾನೂ ಅದೇ ವೀಸಾದಲ್ಲಿ 5 ವರ್ಷ ಕಳೆದವಳು. ಆದರೆ ಒಂದು ಮಾತು. ಅವರು ಕೆಲಸ ಬೇಡ ಅಂತ ಕೂತಿಲ್ಲ, ಅವರಿಗೆ ಕೆಲಸ ಮಾಡಲು ಬಿಡುವುದಿಲ್ಲ. 12 ತಿಂಗಳು ಉತ್ತರ ಬರದೆ ಕಾದ ಮೇಲೆ ಅನುಮತಿ ಕೇಳಬಹುದು, ಅದೂ ಸರ್ಕಾರದ ಪಟ್ಟಿಯಲ್ಲಿರುವ ಕೆಲವೇ ಕೆಲಸಗಳಿಗೆ. ಕೈಗೆ ಕೊಡುವುದು ಎಷ್ಟು ಗೊತ್ತಾ? 2024ರಲ್ಲಿ, ಅಡುಗೆ ತಾವೇ ಮಾಡಿಕೊಳ್ಳುವ ಮನೆಯಲ್ಲಿದ್ದರೆ ವಾರಕ್ಕೆ 49.18 ಪೌಂಡ್. ಹೋಟೆಲಿನಲ್ಲಿ ಊಟ ಕೊಡುತ್ತಾರೆ ಅಂತ ಅಲ್ಲಿ ಕೊಡುವುದು 10 ಪೌಂಡ್ ಕೂಡ ಇರಲಿಲ್ಲ. ಬಸ್ಸಿಗೆ ಹೋಗಿ ಬಂದರೆ ಅಷ್ಟೇ.

ನಾನು ಮಕ್ಕಳ ವಿಷಯ ಹೇಳಬೇಕು. ನಾನು ಡೋವರ್‌ನಿಂದ ದೂರವಿಲ್ಲದ ಊರಿನಲ್ಲಿದ್ದೇನೆ, ಶನಿವಾರ ಶನಿವಾರ ಇಂಗ್ಲಿಷ್ ಹೇಳಿಕೊಡಲು ಹೋಗುತ್ತೇನೆ. ಸಣ್ಣ ದೋಣಿಗಳಲ್ಲಿ ಬರುವ ಮಕ್ಕಳು ಮೊದಲು ಕಾಲಿಡುವುದು ಕೆಂಟ್‌ನಲ್ಲಿ, ಹಾಗಾಗಿ ಎಲ್ಲರೂ ಕೆಂಟ್ ಕೌಂಟಿ ಕೌನ್ಸಿಲ್ ಪಾಲಿಗೆ. 2020ರ ಆಗಸ್ಟ್‌ನಲ್ಲಿ ಒಮ್ಮೆ, 2021ರ ಜೂನ್‌ನಲ್ಲಿ ಇನ್ನೊಮ್ಮೆ, ಇನ್ನು ನಮ್ಮ ಕೈಲಾಗುವುದಿಲ್ಲ ಅಂತ ಕೌನ್ಸಿಲ್ ಹೊಸ ಮಕ್ಕಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಆಗ ಹೋಮ್ ಆಫೀಸ್ ಮಕ್ಕಳನ್ನು ಹೋಟೆಲುಗಳಲ್ಲಿ ಇಟ್ಟಿತು. ಅಲ್ಲಿಂದ ಮಕ್ಕಳು ಕಾಣೆಯಾದರು. 2023ರ ಜುಲೈನಲ್ಲಿ ಹೈಕೋರ್ಟ್, ಹೀಗೆ ಮಕ್ಕಳನ್ನು ಹೋಟೆಲಿನಲ್ಲಿ ಇಡುವುದು ಕಾನೂನಿಗೆ ವಿರುದ್ಧ, ಕೆಂಟ್ ಕೂಡ ತನ್ನ ಹೊಣೆ ಬಿಡುವಂತಿಲ್ಲ ಅಂತ ಹೇಳಿತು. ಅದಕ್ಕೂ ಮೊದಲೇ, 2021ರ ಕೊನೆಯಲ್ಲಿ, ಮಕ್ಕಳನ್ನು ದೇಶದ ಎಲ್ಲ ಕೌನ್ಸಿಲ್‌ಗಳಿಗೂ ಹಂಚುವ ಯೋಜನೆಯನ್ನು ಕಡ್ಡಾಯ ಮಾಡಿದ್ದರು. ತುಂಗಾತೀರ ಅವರ ಊರಿಗೂ ಮಕ್ಕಳು ಬಂದಿರುತ್ತಾರೆ, ಅದಕ್ಕೇ.

ನನ್ನ ತರಗತಿಯಲ್ಲಿ 16ರ ಹುಡುಗ ಒಬ್ಬ ಇದ್ದ. ಮೊದಲ ದಿನ ಕಲಿಯಬೇಕು ಅಂದ ವಾಕ್ಯ 'ನನ್ನ ತಮ್ಮ ಎಲ್ಲಿದ್ದಾನೆ' ಅನ್ನುವುದು. ಬಜೆಟ್ಟಿನಲ್ಲಿ ಅವನು ಒಂದು ಸಾಲು, ರಾತ್ರಿಗೆ 143. ಲೆಕ್ಕ ಕೇಳೋಣ, ಖಂಡಿತ ಕೇಳೋಣ. ಆದರೆ ಏನನ್ನು ಎಣಿಸುತ್ತಿದ್ದೇವೆ ಅನ್ನೋದನ್ನು ಮರೆಯದೆ ಕೇಳೋಣ.

ಲೆಕ್ಕದ_ಮೇಷ್ಟ್ರು:

ಹಾಸನದ ಹುಡುಗ ಅವರೇ, ಕೇಳುವ ಹಕ್ಕು ನಿಮಗೆ ಪೂರ್ತಿ ಇದೆ, ಕೇಳಲೇಬೇಕು. ಏಪ್ರಿಲ್ ಏರಿಕೆ ಬಗ್ಗೆ ಒಂದೇ ಮಾತು. ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ 2023ರ ಸೆಪ್ಟೆಂಬರ್‌ನಲ್ಲಿ ದುಡ್ಡಿಲ್ಲ ಅಂತ ಕೈಚೆಲ್ಲಿದಾಗ, ಮುಂದಿನ ಏಪ್ರಿಲ್‌ನಲ್ಲಿ ಶೇ 9.99 ತೆರಿಗೆ ಏರಿಸಿದಾಗ, ಅಸೈಲಮ್‌ನಿಂದಲೇ ಆಯ್ತು ಅಂತ ನನ್ನ ಸಂಬಂಧಿಕರೇ ಫೋನ್ ಮಾಡಿ ಹೇಳಿದರು. ಕೌನ್ಸಿಲ್‌ನ ಕಾಗದಗಳಲ್ಲಿದ್ದ ದೊಡ್ಡ ಕಾರಣಗಳು ಎರಡು. ಹೆಂಗಸರಿಗೆ ಸಮಾನ ಸಂಬಳ ಕೊಡದೆ ವರ್ಷಗಟ್ಟಲೆ ಉಳಿಸಿಕೊಂಡ ಬಾಕಿ, ಮತ್ತೆ ಎಡವಟ್ಟಾದ ಒಂದು ಕಂಪ್ಯೂಟರ್ ವ್ಯವಸ್ಥೆ.

ಗ್ಲಾಸ್ಗೋ_ಗೆಳೆಯ:

ಸ್ಕಾಟ್ಲೆಂಡ್‌ನಲ್ಲಿರುವವರಿಗೆ ಒಂದು ಸೂಚನೆ. ಇಲ್ಲಿ ಎಫ್‌ಒಐ ಕಾನೂನು ಬೇರೆ. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿಗೆ 2000ದ ಕಾಯ್ದೆ, ನಮಗೆ 2002ರದ್ದು. ಎರಡೂ ಜಾರಿಗೆ ಬಂದದ್ದು 2005ರ ಜನವರಿ 1ರಂದು. ದಿನಗಳು ಒಂದೇ, 20 ಕೆಲಸದ ದಿನ. ಆದರೆ ಕೊನೆಯಲ್ಲಿ ದೂರು ಕೊಡುವ ಆಯುಕ್ತರು ಬೇರೆ.

ನಮ್ಮ ಕಡೆ ಹೋಟೆಲಿಗಿಂತ ದೊಡ್ಡ ಪ್ರಶ್ನೆ ಆಮೇಲಿನದು. ಇಲ್ಲಿ 2012ರಿಂದ, ಮನೆ ಇಲ್ಲದವರಲ್ಲಿ ಯಾರಿಗೆ ಮೊದಲು ಅನ್ನುವ ಭೇದ ತೆಗೆದಿದ್ದಾರೆ. ಒಂಟಿ ಗಂಡಸಿಗೂ ತಾತ್ಕಾಲಿಕ ಮನೆ ಕೊಡಬೇಕು. ಹಾಗಾಗಿ ಇಂಗ್ಲೆಂಡಿನಲ್ಲಿ ಒಪ್ಪಿಗೆ ಸಿಕ್ಕವರೂ ಇಲ್ಲಿಗೆ ಬರುತ್ತಾರೆ. 2023ರ ನವೆಂಬರ್‌ನಲ್ಲಿ ಗ್ಲಾಸ್ಗೋ ವಸತಿ ತುರ್ತುಸ್ಥಿತಿ ಸಾರಿತು. ಇಲ್ಲಿ ಎಫ್‌ಒಐ ಹಾಕುವವರು 'ಅಸೈಲಮ್' ಅಂತ ಕೇಳಬೇಡಿ, ಅವರು ಆಗ ಅಸೈಲಮ್ ಸೀಕರ್ ಅಲ್ಲ, ನಿರಾಶ್ರಿತ ಅಂತ ಒಪ್ಪಿಗೆ ಪಡೆದವರು. ಪದ ತಪ್ಪಿದರೆ 'ಇಲ್ಲ' ಅಂತ ಬರುತ್ತದೆ.

ತುಂಗಾತೀರ:

ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರೇ, ಒಂದು ಸಣ್ಣ ಅನುಮಾನ. ನಮಗೆ ಎರಡು ಕೌನ್ಸಿಲ್ ಇದೆ, ನಮ್ಮ ಸುತ್ತಮುತ್ತಲಿನ ಡಿಸ್ಟ್ರಿಕ್ಟ್ ಒಂದು, ಅದಕ್ಕಿಂತ ದೊಡ್ಡ ಪ್ರದೇಶದ ಕೌಂಟಿ ಒಂದು. ನಾನು ತೆರಿಗೆ ಬಿಲ್ಲು ಕಳಿಸುವ ಡಿಸ್ಟ್ರಿಕ್ಟ್‌ಗೆ ಮಾತ್ರ ಹಾಕಿದ್ದೆ.

ಲೆಕ್ಕದ_ಮೇಷ್ಟ್ರು:

ಅಲ್ಲೇ ಇರುವುದು ಎರಡನೇ ಗುಂಡಿ! ಎರಡು ಹಂತ ಇರುವ ಕಡೆ ಮಕ್ಕಳ ಆರೈಕೆ ಕೌಂಟಿಯದು. ಲೈಬ್ರರಿಯೂ ಕೌಂಟಿಯದು. ಮನೆ ಇಲ್ಲದವರ ವಸತಿ ಡಿಸ್ಟ್ರಿಕ್ಟ್‌ನದು. ನಿಮಗೆ ಬಿಲ್ಲು ಕಳಿಸುವುದು ಡಿಸ್ಟ್ರಿಕ್ಟ್, ಆದರೆ ಅದರಲ್ಲಿ ದೊಡ್ಡ ಪಾಲು ಕೌಂಟಿಗೇ ಹೋಗುತ್ತದೆ. ಹಾಗಾಗಿ ಎರಡು ಬೇರೆ ಬೇರೆ ಅರ್ಜಿ ಹಾಕಿ, ಬೇರೆ ಬೇರೆ ಪ್ರಶ್ನೆಗಳ ಜೊತೆ.

ಇನ್ನೊಂದು. ಎಷ್ಟೋ ಕೌನ್ಸಿಲ್‌ಗಳಲ್ಲಿ ಆಶ್ರಯ, ಪುನರ್ವಸತಿ, ಉಕ್ರೇನ್, ಆಫ್ಘಾನಿಸ್ತಾನ, ಹಾಂಗ್‌ಕಾಂಗ್‌ನಿಂದ ಬಂದವರ ಯೋಜನೆ ಎಲ್ಲವನ್ನೂ ಒಂದೇ ತಂಡ ನೋಡಿಕೊಳ್ಳುತ್ತದೆ. ಒಟ್ಟು ಎಷ್ಟು ಅಂತ ಕೇಳಿದರೆ ಎಲ್ಲ ಸೇರಿಸಿ ಒಂದು ಮೊತ್ತ ಕೊಡುತ್ತಾರೆ. ಉಕ್ರೇನಿನಿಂದ ಬಂದವರಿಗೆ ವೀಸಾ ಇತ್ತು, ಅವರು ಅಸೈಲಮ್ ಸೀಕರ್‌ಗಳಲ್ಲ. ಅವರ ಲೆಕ್ಕಕ್ಕೆ ಕೌನ್ಸಿಲ್‌ಗೆ ಮೊದಲು ತಲೆಗೆ 10,500 ಪೌಂಡ್ ಬರುತ್ತಿತ್ತು, 2023ರ ಜನವರಿಯಿಂದ ಬಂದವರಿಗೆ 5,900. ಇದನ್ನು ಬೆರೆಸಿದರೆ 2022–23ರಲ್ಲಿ ಖರ್ಚು ಆಕಾಶಕ್ಕೆ ಹಾರಿದ ಹಾಗೆ ಕಾಣುತ್ತದೆ. ಒಂದೊಂದನ್ನೂ ಬಿಡಿಸಿ ಕೊಡಿ ಅಂತ ಕೇಳಿ.

ಮಲೆನಾಡ_ಮಳೆ:

ನಾನು ಶಿವಮೊಗ್ಗದಲ್ಲಿದ್ದಾಗ ಹತ್ತಾರು ಆರ್‌ಟಿಐ ಹಾಕಿದ್ದೇನೆ, ಇಲ್ಲಿ ಐದಾರು ಎಫ್‌ಒಐ. ಅನುಭವದಿಂದ ಹೇಳುತ್ತೇನೆ.

ಕರ್ನಾಟಕದಲ್ಲಿ 10 ರೂಪಾಯಿ, 150 ಪದ, ಒಂದೇ ವಿಷಯ, 30 ದಿನ. ಆ 150 ಪದದ ನಿಯಮಕ್ಕೆ ಆಗ ನಾನು ಬೈದುಕೊಳ್ಳುತ್ತಿದ್ದೆ. ಆದರೆ ಆ ಶಿಸ್ತು ಇಲ್ಲಿ ಬಹಳ ಉಪಯೋಗಕ್ಕೆ ಬಂತು. ಇಲ್ಲಿ ಅರ್ಜಿಗೆ ಶುಲ್ಕ ಇಲ್ಲ, ಪದಮಿತಿಯೂ ಇಲ್ಲ, ಆದರೆ ಬೇರೆ ಮಿತಿ ಇದೆ. ಉತ್ತರ ಹುಡುಕಲು 450 ಪೌಂಡ್‌ಗಿಂತ ಜಾಸ್ತಿ ಆಗುತ್ತದೆ ಅಂದರೆ ಕೌನ್ಸಿಲ್ ಇಡೀ ಅರ್ಜಿಯನ್ನೇ ಪಕ್ಕಕ್ಕೆ ಇಡಬಹುದು. ಗಂಟೆಗೆ 25 ಪೌಂಡ್ ಲೆಕ್ಕದಲ್ಲಿ 18 ಗಂಟೆ. 'ಸಂಬಂಧಪಟ್ಟ ಎಲ್ಲ ಇಮೇಲ್' ಅಂತ ಒಂದು ಸಾಲು ಸೇರಿಸಿದರೆ ಮುಗಿಯಿತು. ಬಿಡಿಬಿಡಿಯಾಗಿ ಹತ್ತು ಅರ್ಜಿ ಹಾಕೋಣ ಅಂದರೆ, ಒಂದೇ ಥರದ ವಿಷಯಕ್ಕೆ 60 ಕೆಲಸದ ದಿನದೊಳಗೆ ಬಂದದ್ದನ್ನೆಲ್ಲ ಸೇರಿಸಿ ಎಣಿಸಬಹುದು. ಅದಕ್ಕೇ ಕಡಿಮೆ ಕೇಳಿ, ಸರಿಯಾಗಿ ಕೇಳಿ.

ಭಾರತದಲ್ಲಿ ಆರ್‌ಟಿಐ ನಾಗರಿಕರಿಗೆ ಮಾತ್ರ. ಇಲ್ಲಿ ಯಾರು ಬೇಕಾದರೂ ಹಾಕಬಹುದು, ಯಾವ ಪಾಸ್‌ಪೋರ್ಟ್ ಆದರೂ. ವೀಸಾದಲ್ಲಿದ್ದೀನಿ ಅಂತ ಹೆದರಬೇಡಿ. ಕಾರಣ ಕೇಳುವಂತಿಲ್ಲ. ಆದರೆ ನಿಜವಾದ ಹೆಸರು ಬೇಕು. ವಾಟ್ ಡೂ ದೇ ನೋ (WhatDoTheyKnow) ಅನ್ನುವ ತಾಣದ ಮೂಲಕ ಹಾಕಿದರೆ ನಿಮ್ಮ ಹೆಸರು, ಪ್ರಶ್ನೆ, ಉತ್ತರ ಎಲ್ಲ ಬಹಿರಂಗ. ಮುಂದೆ ಬೇರೆಯವರಿಗೂ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಈ ವಿಷಯದಲ್ಲಿ ಊರು ಕಾದ ಎಣ್ಣೆಯ ಹಾಗಿದ್ದರೆ, ಮನೆಯಲ್ಲಿ ಮಕ್ಕಳಿದ್ದರೆ, ಕೌನ್ಸಿಲ್‌ನ ಎಫ್‌ಒಐ ಇಮೇಲ್‌ಗೆ ನೇರ ಕಳಿಸಿ. ಕಾನೂನಿನ ಬೆಲೆ ಎರಡಕ್ಕೂ ಒಂದೇ.

ಹಾಕುವ ಮೊದಲು ಕೌನ್ಸಿಲ್ ಹಿಂದೆ ಯಾರ್ಯಾರಿಗೆ ಏನು ಉತ್ತರ ಕೊಟ್ಟಿದೆ ಅಂತ ಅದರ ವೆಬ್‌ಸೈಟಿನಲ್ಲಿ ಹುಡುಕಿ. ಹೋಮ್ ಆಫೀಸ್ ಮೂರು ತಿಂಗಳಿಗೊಮ್ಮೆ ಕೌನ್ಸಿಲ್‌ವಾರು ಎಷ್ಟು ಜನ ನೆರವಿನಲ್ಲಿದ್ದಾರೆ, ಹೋಟೆಲಿನಲ್ಲಿ ಎಷ್ಟು ಅಂತ ತಾನೇ ಪ್ರಕಟಿಸುತ್ತದೆ. ಇಷ್ಟರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ನೀಲಿ_ಕೊಡೆ:

ನಾನು ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ. ನನಗೆ ಭಯ ಆಗುತ್ತಿದೆ, ಹೇಳಿಬಿಡುತ್ತೇನೆ. ನೀವು ಒಳ್ಳೆಯ ಮನಸ್ಸಿನಿಂದ ಕೇಳುತ್ತೀರಿ. ಉತ್ತರದಲ್ಲಿ ಒಂದು ದೊಡ್ಡ ಅಂಕಿ ಬರುತ್ತದೆ. ಕೌನ್ಸಿಲ್ ಅದನ್ನು ತನ್ನ ತಾಣದಲ್ಲಿ ಹಾಕುತ್ತದೆ. ನಾಳೆ ಯಾರೋ ಆ ಅಂಕಿಯನ್ನು ಮಾತ್ರ ಕತ್ತರಿಸಿ ಕೆಂಪಕ್ಷರದಲ್ಲಿ ಹಾಕುತ್ತಾರೆ. ಆಗ? ಕೆಲವು ಪ್ರಶ್ನೆಗಳನ್ನು ಕೇಳದೆ ಇರುವುದೇ ಒಳ್ಳೆಯದು ಅನಿಸುತ್ತದೆ. ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟಿನವರು ಇದ್ದಾರೆ, ನಾನು ಪಿರಿಯಾಪಟ್ಟಣದ ಕಡೆಯವಳು. ನಮ್ಮ ಅಜ್ಜಿ ಅವರ ಸ್ವೆಟರ್ ಕೊಳ್ಳುತ್ತಿದ್ದಳು, ಅವರಿಗೆ ಎಷ್ಟು ಖರ್ಚಾಯಿತು ಅಂತ ಕೇಳಿದ್ದು ನೆನಪಿಲ್ಲ.

ತುಂಗಾತೀರ:

ನೀಲಿ ಕೊಡೆ ಅವರೇ, ನಿಮ್ಮ ಮಾತನ್ನು ಎರಡು ದಿನ ಯೋಚಿಸಿದೆ. ನನಗೂ ಅದೇ ಭಯ. ಆದರೆ ಅಂಕಿ ಆಗಲೇ ಓಡಾಡುತ್ತಿದೆಯಲ್ಲ. ನಾನು ಕೇಳದಿದ್ದರೆ ಅದು ನಿಲ್ಲುವುದಿಲ್ಲ, ಸುಳ್ಳು ಅಂಕಿಯೇ ನಿಜ ಆಗಿ ಉಳಿಯುತ್ತದೆ. ಮತ್ತೆ, ನನ್ನ ದುಡ್ಡಿನ ಲೆಕ್ಕ ನನಗೆ ಗೊತ್ತಾಗಬಾರದು ಅಂತ ನಾನೇ ಹೇಳಿದರೆ, ಮುಚ್ಚಿಡುತ್ತಿದ್ದಾರೆ ಅಂದವರ ಮಾತನ್ನು ನಾನೇ ಗಟ್ಟಿ ಮಾಡಿದ ಹಾಗೆ. ಖರ್ಚೂ ಅನುದಾನವೂ ಒಂದೇ ಅರ್ಜಿಯಲ್ಲಿ, ಒಂದೇ ಕೋಷ್ಟಕದಲ್ಲಿ ಕೇಳುತ್ತೇನೆ. ಕತ್ತರಿಸುವವರು ಕತ್ತರಿಸಲಿ, ಪೂರ್ತಿ ಕಾಗದ ನನ್ನ ಹತ್ತಿರ ಇರುತ್ತದೆ.

ಕೌಂಟಿಗೆ ಕಳಿಸುವುದನ್ನು ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಕಳಿಸುವೆ, ತಿರುಳು ಇದು: ಕಳೆದ ಮೂರು ವರ್ಷಗಳಿಗೆ, ಪ್ರತಿ ವರ್ಷಕ್ಕೂ ಬೇರೆಯಾಗಿ ತಿಳಿಸಿ. ಒಂಟಿಯಾಗಿ ಬಂದು ನಿಮ್ಮ ಆರೈಕೆಯಲ್ಲಿರುವ ಮಕ್ಕಳಿಗೆ ಮಾಡಿದ ಖರ್ಚು. ಅದಕ್ಕೆ ಹೋಮ್ ಆಫೀಸಿನಿಂದ ಬಂದ ಅನುದಾನ. ಅದೇ ಎರಡು ಅಂಕಿ, 18 ದಾಟಿದವರಿಗೆ. ಉಕ್ರೇನ್ ಮತ್ತು ಆಫ್ಘಾನ್ ಯೋಜನೆಗಳನ್ನು ಇದರಲ್ಲಿ ಸೇರಿಸಬೇಡಿ. ಡಿಸ್ಟ್ರಿಕ್ಟ್‌ಗೆ: ಹೋಮ್ ಆಫೀಸಿನ ಮನೆ ಬಿಟ್ಟು ನಿಮ್ಮ ತಾತ್ಕಾಲಿಕ ವಸತಿಗೆ ಬಂದ ಕುಟುಂಬಗಳು ಎಷ್ಟು, ಖರ್ಚು ಎಷ್ಟು, ಆಶ್ರಯದ ಲೆಕ್ಕದಲ್ಲಿ ನಿಮಗೆ ಬಂದ ಅನುದಾನ ಎಷ್ಟು.

ಲೆಕ್ಕದ_ಮೇಷ್ಟ್ರು:

ಚೆನ್ನಾಗಿದೆ. ಮೂರು ತಿದ್ದುಪಡಿ. 'ಕಳೆದ ಮೂರು ವರ್ಷ' ಬೇಡ, ಏಪ್ರಿಲ್ 1ರಿಂದ ಮಾರ್ಚ್ 31 ಅಂತ ಆರ್ಥಿಕ ವರ್ಷಗಳನ್ನು ಹೆಸರಿಸಿ. ಅವರ ಪುಸ್ತಕ ಹಾಗೇ ಇರುವುದು, ನಮ್ಮ ಊರಿನ ಹಾಗೆ. ಸ್ಪ್ರೆಡ್‌ಶೀಟ್‌ನಲ್ಲಿ ಕೊಡಿ ಅನ್ನಿ. ಮತ್ತೆ ಕೊನೆಯಲ್ಲಿ ಒಂದು ಸಾಲು ಸೇರಿಸಿ: ಮಿತಿ ಮೀರುತ್ತದೆ ಅನಿಸಿದರೆ, ಹೇಗೆ ಕಡಿಮೆ ಮಾಡಬಹುದು ಅಂತ 16ನೇ ಸೆಕ್ಷನ್ ಪ್ರಕಾರ ನನಗೆ ತಿಳಿಸಿ. ಸಲಹೆ ಕೊಡುವುದು ಅವರ ಕರ್ತವ್ಯ, ಬಹಳ ಜನಕ್ಕೆ ಅದು ಗೊತ್ತಿಲ್ಲ.

ಡಿಸ್ಟ್ರಿಕ್ಟ್ ಅನುದಾನದಲ್ಲಿ 2022–23 ತಪ್ಪದೆ ಇರಲಿ. ಆ ವರ್ಷದಿಂದ ದೇಶದ ಎಲ್ಲ ಕೌನ್ಸಿಲ್ ಪ್ರದೇಶಗಳಲ್ಲೂ ಅಸೈಲಮ್ ಮನೆಗಳು ಇರಬೇಕು ಅಂತ ಮಾಡಿದರು, ಹೊಸದಾಗಿ ತೆರೆದ ಒಂದೊಂದು ಹಾಸಿಗೆಗೆ 3,500 ಪೌಂಡ್ ಕೊಟ್ಟರು.

ತುಂಗಾತೀರ (ಐದು ವಾರದ ನಂತರ):

ಎರಡೂ ಕಡೆಯಿಂದ ಉತ್ತರ ಬಂತು.

ಕೌಂಟಿಯದು ಚೊಕ್ಕ ಇತ್ತು. ಅಂಕಿಗಳನ್ನು ಇಲ್ಲಿ ಹಾಕುವುದಿಲ್ಲ, ಹಾಕಿದರೆ ಕೌನ್ಸಿಲ್ ಯಾವುದು ಅಂತ ಗೊತ್ತಾಗುತ್ತದೆ. ಆದರೆ ಸಾರ ಹೇಳುತ್ತೇನೆ. 18ರ ಒಳಗಿನ ಮಕ್ಕಳಿಗೆ ಬಂದ ಅನುದಾನ ಖರ್ಚಿಗೆ ಹತ್ತಿರ ಹತ್ತಿರ ಇದೆ. 18 ದಾಟಿದವರಲ್ಲಿ ಸಾಲುವುದಿಲ್ಲ, ಅಲ್ಲಿ ಕೊರತೆ ಇದೆ, ಅದನ್ನು ಕೌಂಟಿಯೇ ತುಂಬಿದೆ. ಅಂದರೆ ಸೊನ್ನೆ ಅಲ್ಲ. ಆದರೆ ಮೆಸೇಜಿನಲ್ಲಿದ್ದ ಅಂಕಿಯ ಹತ್ತಿರಕ್ಕೂ ಬರುವುದಿಲ್ಲ. ಎರಡನ್ನೂ ಹಾಗೇ ಗುಂಪಿನಲ್ಲಿ ಹೇಳಿದೆ, ಕೊರತೆ ಇದೆ ಅನ್ನುವುದನ್ನು ಬಿಡದೆ. ಲೈಬ್ರರಿಯದು ಕೌಂಟಿಯ ಕ್ಯಾಬಿನೆಟ್ ಸಭೆಯ ವರದಿಯಲ್ಲಿ ಸಿಕ್ಕಿತು, ಎಫ್‌ಒಐ ಬೇಕಾಗಲೇ ಇಲ್ಲ. ವಯಸ್ಸಾದವರ ಆರೈಕೆಯ ಖರ್ಚು, ವಿಶೇಷ ಅಗತ್ಯ ಇರುವ ಮಕ್ಕಳನ್ನು ಶಾಲೆಗೆ ಬಿಡುವ ಟ್ಯಾಕ್ಸಿ ಖರ್ಚು ಅಂತ ಕಾರಣ ಬರೆದಿದ್ದರು.

ಡಿಸ್ಟ್ರಿಕ್ಟ್‌ನವರು ಕುಟುಂಬಗಳ ಸಂಖ್ಯೆ ಕೊಟ್ಟಿಲ್ಲ, 5ಕ್ಕಿಂತ ಕಡಿಮೆ, ಗುರುತು ಸಿಗುತ್ತದೆ ಅಂತ. ತಾತ್ಕಾಲಿಕ ವಸತಿಗೆ ಕೊಟ್ಟ ಒಟ್ಟು ಹಣ ಎಷ್ಟು ಅಂತಲೂ ಹೇಳಿಲ್ಲ, ವ್ಯಾಪಾರದ ಗುಟ್ಟು ಅಂತ.

ಮಲೆನಾಡ_ಮಳೆ:

ಮೊದಲನೆಯದನ್ನು ಒಪ್ಪಿಕೊಳ್ಳಿ ಅಕ್ಕ. ಸಣ್ಣ ಊರಿನಲ್ಲಿ 3 ಕುಟುಂಬ ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಅವರನ್ನು ಕಾಪಾಡಬೇಕಾದದ್ದೇ. ಎರಡನೆಯದಕ್ಕೆ ಬಿಡಬೇಡಿ. ಅದು 43ನೇ ಸೆಕ್ಷನ್, ಅಲ್ಲಿ ಸಾರ್ವಜನಿಕ ಹಿತವನ್ನು ತೂಗಿ ನೋಡಿ ಕಾರಣ ಬರೆಯಬೇಕು. ಸುಮ್ನೆ 'ಗುಟ್ಟು' ಅಂದರೆ ಸಾಲದು. ಒಳಗಿನ ಮರುಪರಿಶೀಲನೆ ಕೇಳಿ, 40 ಕೆಲಸದ ದಿನದ ಒಳಗೆ ಕೇಳಬೇಕು. ಒಂದು ರಾತ್ರಿಯ ದರ ಬೇಡ, ವರ್ಷದ ಒಟ್ಟು ಮೊತ್ತ ಮಾತ್ರ ಸಾಕು ಅನ್ನಿ. ಆಗಲೂ ಇಲ್ಲ ಅಂದರೆ ಮಾಹಿತಿ ಆಯುಕ್ತರ ಕಚೇರಿ ಇದೆ, ಅದಕ್ಕೂ ದುಡ್ಡಿಲ್ಲ.

ಲೆಕ್ಕದ_ಮೇಷ್ಟ್ರು:

ಇನ್ನೊಂದು ದಾರಿ ಇದೆ, ಯಾರೂ ಬಳಸುವುದಿಲ್ಲ. ಇಂಗ್ಲೆಂಡಿನ ಕೌನ್ಸಿಲ್‌ಗಳು 500 ಪೌಂಡ್ ದಾಟಿದ ಪ್ರತಿ ಪಾವತಿಯನ್ನೂ ತಾವೇ ಪ್ರಕಟಿಸಬೇಕು. ಯಾವ ವಿಭಾಗ, ಯಾರಿಗೆ, ಎಷ್ಟು ಎಲ್ಲ ಅದರಲ್ಲಿರುತ್ತದೆ. ವಸತಿ ವಿಭಾಗದ ಸಾಲುಗಳನ್ನು ಸೋಸಿ ನೋಡಿ. ಜೊತೆಗೆ ಪ್ರತಿ ವರ್ಷ ಲೆಕ್ಕ ಮುಗಿದ ಮೇಲೆ 30 ಕೆಲಸದ ದಿನ ಪುಸ್ತಕಗಳನ್ನು ತೆರೆದಿಡಬೇಕು, 2014ರ ಆಡಿಟ್ ಕಾಯ್ದೆ ಪ್ರಕಾರ. ಆ ದಿನಗಳಲ್ಲಿ ಹೋಗಿ ಬಿಲ್ಲು, ಗುತ್ತಿಗೆ ಪತ್ರವನ್ನೇ ನೋಡಬಹುದು. ನೋಟಿಸ್ ವೆಬ್‌ಸೈಟಿನ ಮೂಲೆಯಲ್ಲಿ ಹಾಕಿರುತ್ತಾರೆ. ನಾನು ಕೆಲಸ ಮಾಡಿದ ಅಷ್ಟೂ ವರ್ಷದಲ್ಲಿ ನೋಡಲು ಬಂದವರು ಇಬ್ಬರೇ.

ಹಾಸನದ_ಹುಡುಗ:

ನಾನು ನನ್ನ ಕೌನ್ಸಿಲ್‌ನ 500 ಪೌಂಡ್ ಪಟ್ಟಿಯನ್ನು ಶನಿವಾರ ಇಳಿಸಿಕೊಂಡೆ. ಒಂದೇ ತಿಂಗಳಿಗೆ ಸಾವಿರಾರು ಸಾಲು. ಸಂಜೆಯವರೆಗೂ ಕೂತೆ. ಹೋಟೆಲ್ ಅಂತ ಹುಡುಕಿದರೆ ಸಿಕ್ಕಿದ್ದು ಹೆಚ್ಚೂಕಮ್ಮಿ ಎಲ್ಲ ಮನೆ ಕಳೆದುಕೊಂಡ ಕುಟುಂಬಗಳ ತಾತ್ಕಾಲಿಕ ವಸತಿ ಅನ್ನುವ ತಲೆಬರಹದಲ್ಲಿ. ಅದು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ಅದರಲ್ಲಿ ನಿರಾಶ್ರಿತರ ಪಾಲು ಎಷ್ಟು ಅಂತ ಪಟ್ಟಿಯಲ್ಲಿ ಬಿಡಿಸಿಲ್ಲ. ಅದಕ್ಕೆ ಎಫ್‌ಒಐ ಹಾಕಬೇಕು ಅನಿಸುತ್ತದೆ. ತುಂಗಾತೀರ ಅಕ್ಕ, ನಿಮ್ಮ ಡಿಸ್ಟ್ರಿಕ್ಟ್ ಅರ್ಜಿಯ ಇಂಗ್ಲಿಷ್ ಪ್ರತಿ ಕಳಿಸುತ್ತೀರಾ? ನಮ್ಮದು ಒಂದೇ ಕೌನ್ಸಿಲ್, ಎರಡು ಹಂತ ಇಲ್ಲ.

ತುಂಗಾತೀರ:

ಕಳಿಸಿದ್ದೇನೆ ತಮ್ಮ, ಇನ್‌ಬಾಕ್ಸ್ ನೋಡು. ಒಂದೇ ಕೌನ್ಸಿಲ್ ಆದರೆ ಎರಡೂ ಅರ್ಜಿ ಸೇರಿಸಿ ಒಂದು ಮಾಡು. ಅನುದಾನದ ಸಾಲು ಮಾತ್ರ ತೆಗೆಯಬೇಡ. ನನ್ನ ಮರುಪರಿಶೀಲನೆ ಇವತ್ತು ಬೆಳಿಗ್ಗೆ ಹೋಯಿತು, ಒಟ್ಟು ಮೊತ್ತ ಮಾತ್ರ ಕೇಳಿದ್ದೇನೆ. ಅರ್ಜಿ ತಲುಪಿತು ಅಂತ ಉತ್ತರವೂ ಬಂದಿದೆ.